ಕನ್ನಡಿ ನೋಡಿ ಹೊಲಿದ ಜಾಕೆಟ್ಟು

ಬೀರುವಿನಲ್ಲಿಟ್ಟ ಜಾಕೆಟ್ಟು ಒದ್ದೆಯಾಗಿತ್ತು. ತೊಟ್ಟಿಕ್ಕುವಷ್ಟೇನಲ್ಲ, ತೋಳಿನ ತುದಿಯಲ್ಲೂ ಕಾಲರಿನ ಒಳಮಡಿಕೆಯಲ್ಲೂ ಕೈಗೆ ತಣ್ಣಗೆ ಹತ್ತುವಷ್ಟು. ಭಾನುವಾರ ಬೆಳಿಗ್ಗೆ ನುಸಿಗುಳಿಗೆ ಬದಲಾಯಿಸಲು ಬೀರು ತೆಗೆದ ತಾಯಿ ಅದನ್ನು ಮೂಗಿಗೆ ಹಿಡಿದು ನೋಡಿದಳು. ಪಾಚಿಯ ವಾಸನೆ ಬಂತು.

ಅವಳ ಮಗ ಊರಾಚೆಯ ಹಳೇ ಕಲ್ಲುಗಣಿಯ ನೀರಿಗೆ ಹಾರಿ ಸತ್ತು ವರ್ಷ ದಾಟಿತ್ತು. ಹಾರುವ ಮುಂಚೆ ಅವನು ಬಿಚ್ಚಿ ಬಂಡೆಯ ಮೇಲೆ ಮಡಚಿಟ್ಟಿದ್ದ ಜಾಕೆಟ್ಟು ಅದು. ಒಂದು ಹನಿ ನೀರು ತಾಕದೆ ಮನೆಗೆ ಬಂದಿತ್ತು. ಹೊಲಿದವಳೂ ಅವಳೇ. ಅಂದಿನಿಂದ ಅದನ್ನು ಯಾರೂ ಒಗೆದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ, ಕನಿಷ್ಠ ಹಾಗೆಂದು ಅವಳು ತಿಳಿದಿದ್ದಳು.

ಅತ್ತೆಯನ್ನು ಕರೆದು ತೋರಿಸಿದಳು. ಅಜ್ಜಿಗೆ ಎರಡು ಕಣ್ಣಿಗೂ ಪೊರೆ. ಕಣ್ಣು ಮಾಡಬೇಕಾದ ಕೆಲಸವನ್ನು ಕೈಯಿಂದ ಮಾಡಿಸಿಕೊಳ್ಳುವ ಆ ಮುದುಕಿ ತೋಳುಗಳನ್ನು ಸವರಿ, "ಬಂದು ಹೋಗಿದಾನೆ" ಎಂದಳು. ಮೊನ್ನೆ ಸಂಜೆಯೇ ತನಗೆ ಬಾಗಿಲ ಸದ್ದು ಕೇಳಿತ್ತು, ಹೇಳಿದರೆ ಅರಳುಮರಳು ಅಂತೀರಿ ಎಂದು ಬಾಯಿ ಮುಚ್ಚಿಕೊಂಡಿದ್ದೆ ಎಂದೂ ಸೇರಿಸಿದಳು.

ತಂದೆ ಲಿಫ್ಟ್ ಮೆಕ್ಯಾನಿಕ್. ಪೇಟೆಯ ದೊಡ್ಡ ಅಂಗಡಿ ಸಂಕೀರ್ಣದ ಲಿಫ್ಟುಗಳೆಲ್ಲ ಅವನ ಸುಪರ್ದಿ. ಯಾವ ಯಂತ್ರಕ್ಕೂ ದೆವ್ವ ಹಿಡಿಯುವುದಿಲ್ಲ, ಎಲ್ಲೋ ಒಂದು ತಂತಿ ಸಡಿಲವಾಗಿರುತ್ತದೆ ಎನ್ನುವುದು ಅವನ ಒಂದೇ ಸಿದ್ಧಾಂತ. ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಕುರ್ಚಿ ಹತ್ತಿ ಚಾವಣಿ ತಟ್ಟಿ ನೋಡಿದ. ಚಾವಣಿ ಒಣಗಿತ್ತು. ಕೆಳಗಿಳಿದವನು ಯಾರ ಮುಖವನ್ನೂ ನೋಡದೆ ಅರ್ಧ ಬೋಳಿಸಿದ ಗಡ್ಡದ ಕಡೆ ಹೋದ.

ಈ ಮನೆಯಲ್ಲಿ ನಿಜ ಹೊರಗೆ ಬರುವುದು ಊಟದ ಹೊತ್ತಿಗೆ. ಬೇರೆ ಹೊತ್ತಿನಲ್ಲಿ ನಾಲ್ವರೂ ಒಂದೆಡೆ ಕೂತರಲ್ಲವೇ! ಹೊಲಿಗೆಯ ಮೇಜಿನ ಮೇಲಿನ ಬಟ್ಟೆಗಳನ್ನು ಸರಿಸಿ ಅದನ್ನೇ ಊಟದ ಮೇಜು ಮಾಡಿಕೊಳ್ಳುವುದು ಅವರ ಪದ್ಧತಿ. ಅನ್ನದ ಪಕ್ಕದಲ್ಲಿ ಗುಂಡಿಯೋ ದಾರದ ಉಂಡೆಯೋ ಇದ್ದೇ ಇರುತ್ತಿತ್ತು. ಅಂದು ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ಇತ್ತು, ಮಗಳು ಅದನ್ನು ಮುಟ್ಟಲಿಲ್ಲ. ಕಾಲೇಜಿನ ಎರಡನೇ ವರ್ಷದ ಹುಡುಗಿ, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಅಂಥವಳು ತಟ್ಟೆ ನೋಡಿಕೊಂಡು, "ನಾನೇ ತಗೊಂಡು ಹೋಗಿದ್ದೆ. ನಾವೊಂದು ಹಾಡಿನ ವಿಡಿಯೋ ಮಾಡಿದೀವಿ" ಎಂದಳು. ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಿದಳು.

ಅವಳ ಸಹಪಾಠಿಯೊಬ್ಬ ಕಂಪ್ಯೂಟರಿನಲ್ಲಿ ತಾಳ ಕೂರಿಸಿದ್ದ, ಇನ್ನೊಬ್ಬಳು ಫೋನಿನಲ್ಲೇ ಚಿತ್ರ ತೆಗೆದಿದ್ದಳು, ಸಾಹಿತ್ಯ ಇವಳದು. ಪರದೆಯ ಮೇಲೆ ಒಂದು ಪೇಟೆಬೀದಿ. ಓಡಾಡುವ ಹುಡುಗ ಹುಡುಗಿಯರೆಲ್ಲರ ಕಿವಿಯಿಂದ ಬೆಲೆಚೀಟಿ ನೇತಾಡುತ್ತಿದೆ. ಒಬ್ಬರನ್ನೊಬ್ಬರು ಮಾತಾಡಿಸುವ ಮುಂಚೆ ಚೀಟಿ ತಿರುಗಿಸಿ ಓದುತ್ತಾರೆ, ಓದಿ ಅಪ್ಪಿಕೊಳ್ಳುತ್ತಾರೆ ಅಥವಾ ಮುಖ ತಿರುಗಿಸುತ್ತಾರೆ. ನಡುವೆ ಒಬ್ಬ ಹುಡುಗ, ಮುಖ ಕಾಣದಂತೆ ಬೆನ್ನು ಮಾತ್ರ. ಮೈಮೇಲೆ ಆ ಜಾಕೆಟ್ಟು: ಬೂದುನೀಲಿ ಬಟ್ಟೆ, ಒಂದು ಭುಜದಿಂದ ಮುಂದಕ್ಕೂ ಹಿಂದಕ್ಕೂ ಓರೆಯಾಗಿ ಇಳಿದ ಹಳದಿ ಪಟ್ಟಿ. ಎಲ್ಲರೂ ಆ ಪಟ್ಟಿಗೆ ಬೆರಳು ತೋರಿಸಿ ನಗುತ್ತಾರೆ. ಮಗಳ ದನಿ ಹಾಡುತ್ತಿತ್ತು:

ಚೀಟಿ ನೋಡಿ ಮಾತಾಡ್ತಾರೆ, ಚೀಟಿ ನೋಡಿ ನಗ್ತಾರೆ,
ಚೀಟಿ ಕಿತ್ತು ನೋಡಿದ್ರೆ ಒಳಗೆ ಯಾರಿದಾರೆ?
ಕಳಚಿ ಎಸೆ, ಕಳಚಿ ಎಸೆ, ಕಳಚಿ ಎಸೆ.

ಕೊನೆಗೆ ಆ ಹುಡುಗ ಕೆರೆಯೊಂದರ ದಂಡೆಗೆ ಓಡಿ, ಜಾಕೆಟ್ಟು ಕಿತ್ತು ನೀರಿಗೆ ಬೀಸಿ ಎಸೆಯುತ್ತಾನೆ. ಅದು ಕೈ ಚಾಚಿಕೊಂಡು ತೇಲುತ್ತದೆ. ಹಾಡು ಅಲ್ಲಿಗೆ ಮುಗಿಯುತ್ತದೆ.

ಅಜ್ಜಿ, ಮೊಮ್ಮಗಳ ದನಿ ಚೆನ್ನಾಗಿದೆ ಎಂದಳು. ತಾಯಿ ಮಾತ್ರ ಪರದೆಯಿಂದ ಕಣ್ಣು ತೆಗೆಯದೆ, "ಅವನು ಎಸೆದಿಲ್ಲ. ಮಡಚಿಟ್ಟಿದ್ದ" ಎಂದಳು.

ಅದು ವಿಡಿಯೋ, ಎಸೆದರೇ ಅರ್ಥ ಬರುವುದು ಎಂದು ಮಗಳು ವಿವರಿಸಹೊರಟಳು. ತಾಯಿಗೆ ಅದು ಬೇಕಿರಲಿಲ್ಲ. ಆ ಪಟ್ಟಿ ನೋಡಿ ಯಾಕೆ ನಗುತ್ತಾರೆ ಎಂದು ಕೇಳಿದಳು. ಮಗಳು ಅಪ್ಪನ ಕಡೆ ನೋಡಿದಳು, ಅಪ್ಪ ಅಜ್ಜಿಯ ಕಡೆ ನೋಡಿದ.

"ಉಲ್ಟಾ ಇದೆ ಅಮ್ಮ. ನಿಜವಾದದ್ದರಲ್ಲಿ ಪಟ್ಟಿ ಎಡಗಡೆ. ನೀನು ಬಲಗಡೆ ಹೊಲಿದಿದ್ದೆ."

ಆಗಿದ್ದಿಷ್ಟು. ಮಗನ ಗುಂಪಿನವರೆಲ್ಲ ಒಂದು ಹೆಸರಾಂತ ಕಂಪನಿಯ ಜಾಕೆಟ್ಟು ಹಾಕುತ್ತಿದ್ದರು. ಅದನ್ನು ಕೊಳ್ಳುವ ತಾಕತ್ತು ಈ ಮನೆಗಿರಲಿಲ್ಲ. ಮಗ ಅಂಗಡಿಯ ಟ್ರಯಲ್ ಕೋಣೆಯಲ್ಲಿ ಅದನ್ನು ಹಾಕಿಕೊಂಡು, ಕನ್ನಡಿಯಲ್ಲಿ ಕಂಡ ತನ್ನ ಫೋಟೋ ತೆಗೆದು ತಂದು, ಇಂಥದೇ ಹೊಲಿದುಕೊಡು ಎಂದಿದ್ದ. ಇಪ್ಪತ್ತು ವರ್ಷದಿಂದ ಊರಿನವರ ಬಟ್ಟೆ ಹೊಲಿದವಳು ಅವಳು. ಕನ್ನಡಿಯಲ್ಲಿ ಎಡ ಬಲವಾಗುತ್ತದೆಂದು ಗೊತ್ತಿಲ್ಲದವಳೇನಲ್ಲ. ಆದರೆ ಆ ಫೋಟೋದಲ್ಲಿ ಅವಳು ನೋಡಿದ್ದು ಜಾಕೆಟ್ಟನ್ನಲ್ಲ, ಅದರೊಳಗೆ ನಗುತ್ತ ನಿಂತವನನ್ನು. ಕಂಡದ್ದನ್ನು ಕಂಡ ಹಾಗೆ ಹೊಲಿದಿದ್ದಳು. ಗುಂಪಿನವರು ಒಂದೇ ನೋಟಕ್ಕೆ ಹಿಡಿದರು. ಅಂದಿನಿಂದ ಅವನ ಹೆಸರು 'ಕನ್ನಡಿ' ಆಯಿತು.

ತಾಯಿ ಗಂಡನನ್ನು ಕೇಳಿದಳು: "ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ಮಗ ಒಂದು ದಿನ ಕೆಲಸದ ಜಾಗಕ್ಕೇ ಬಂದು ಹೇಳಿಕೊಂಡಿದ್ದ. ಅಮ್ಮ ನಿದ್ದೆಗೆಟ್ಟು ಹೊಲಿದಿದ್ದಾಳೆ, ಅವಳ ಮುಂದೆ ಬಾಯಿ ಬಿಟ್ಟರೆ ನೋಡು, ಅದನ್ನೇ ಹಾಕಿಕೊಂಡು ಓಡಾಡು ಎಂದು ತಂದೆ ಗದರಿಸಿ ಕಳಿಸಿದ್ದ. ಅಜ್ಜಿಗೂ ಗೊತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕೇನೋ ಎಂದು ಅವಳು ಮೊಮ್ಮಗನನ್ನು ತಮಾಷೆ ಮಾಡಿದ್ದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೊಲಿದವಳಿಗೊಬ್ಬಳಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ನನ್ನ ಜಾಕೆಟ್ಟಿನಿಂದ ಅವನು ಹಾರಿದ್ನಾ?" ಎಂದು ಅವಳು ಕೇಳಿದಳು. ದನಿ ಏರಿಸಲಿಲ್ಲ, ಅಳಲಿಲ್ಲ. ಮಗಳಿಗೆ ಮನಸ್ಸಿನಲ್ಲಿ ಹೌದೆನಿಸುತ್ತಿತ್ತು. ಅವಮಾನ ತಡೆಯಲಾರದೆ ಹಾರಿದ ಎಂದೇ ಅವಳು ನಂಬಿದ್ದಳು, ಹಾಡು ಹುಟ್ಟಿದ್ದೂ ಆ ನಂಬಿಕೆಯಿಂದ. ಅಂದು ತಾಯಿಯ ಅನ್ನ ತಟ್ಟೆಯಲ್ಲೇ ಒಣಗಿತು.

ಹಾಡು ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ಒಂದು ವಾರದಲ್ಲಿ ಕಾಲೇಜೆಲ್ಲ ಹಬ್ಬಿತು, ಮತ್ತೊಂದು ವಾರಕ್ಕೆ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಪಕ್ಕದ ಮನೆಯವರ ಫೋನಿನ ಕರೆಗಂಟೆಯಲ್ಲಿ ಅದೇ. ಪ್ರಾಂಶುಪಾಲರು ಮಗಳನ್ನು ವೇದಿಕೆಗೆ ಕರೆದು, ಕೊಳ್ಳುಬಾಕತನದ ವಿರುದ್ಧ ಯುವಜನರ ದನಿ ಎಂದು ಹೊಗಳಿದರು. ಹೊಗಳುವಾಗ ಅವರ ಕೈಯಲ್ಲಿ ಹೊಸ ಫೋನಿತ್ತು, ಅದನ್ನೂ ಎತ್ತಿ ಎತ್ತಿ ತೋರಿಸಿದರು. ಮಗಳು ಮನೆಗೆ ಬಂದು ಅದನ್ನು ನಗುತ್ತ ಹೇಳಿದಳು. ತಾಯಿ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡಳು.

ತಂದೆಗೆ ಅದು ಬೇರೆ ರೀತಿಯಲ್ಲಿ ಎದುರಾಯಿತು. ಅಂಗಡಿ ಸಂಕೀರ್ಣದ ಬಟ್ಟೆ ಮಳಿಗೆಯವರು ಲಿಫ್ಟಿನ ಮೂರೂ ಗೋಡೆಗೆ ಜಾಹೀರಾತು ಅಂಟಿಸಿದರು: 'ಕಳಚಿ ಎಸೆ! ಹಳೆಯದು ಕೊಡು, ಹೊಸದು ತೊಡು.' ಜೊತೆಗೆ ಬಾಗಿಲು ಮುಚ್ಚಿದಾಗಲೆಲ್ಲ ಹಾಡಿನ ಒಂದು ತುಣುಕು ಮೊಳಗುವ ಏರ್ಪಾಡು. ಸ್ಪೀಕರಿಗೆ ತಂತಿ ಎಳೆದುಕೊಡುವ ಕೆಲಸ ಅವನಿಗೇ ಬಂತು. ಎಳೆದುಕೊಟ್ಟ. ಮಗಳ ದನಿ ದಿನವಿಡೀ ಆ ಪೆಟ್ಟಿಗೆಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿತು. ಮೂರನೇ ದಿನ ಅವನು ಲಿಫ್ಟು ಕೆಟ್ಟಿದೆ ಎಂಬ ಹಲಗೆ ನೇತುಹಾಕಿ, ಒಳಗೆ ಒಬ್ಬನೇ ನಿಂತು ತಂತಿ ಕಿತ್ತ. ಮೇಲ್ವಿಚಾರಕ ಬೈದ, ಇವನು ಮತ್ತೆ ಜೋಡಿಸಿದ.

ಹಾಡನ್ನು ಕೇಳಿದ ಹುಡುಗರು ಏನು ಮಾಡಬೇಕು? ಜಾಕೆಟ್ಟಿನ ಹುಚ್ಚು ಬಿಡಬೇಕು. ಬಿಟ್ಟರು, ಎಡಪಟ್ಟಿಯ ಜಾಕೆಟ್ಟನ್ನು. ಎಲ್ಲರಿಗೂ ಈಗ ಬಲಪಟ್ಟಿಯದೇ ಬೇಕಾಯಿತು. ವಿಡಿಯೋದಲ್ಲಿ ಇದ್ದ ಹಾಗೆ, ಉಲ್ಟಾ.

ಮೊದಲು ಬಂದವನು ಕಾಲೇಜಿನ ಹುಡುಗ, ಎತ್ತರದವನು, ನಾಚಿಕೆ ಸ್ವಭಾವದವನು. ಬಾಗಿಲಲ್ಲಿ ನಿಂತು, ಆ ಜಾಕೆಟ್ಟು ಹೊಲಿದವರು ನೀವೇ ಅಂತೆ, ನನಗೊಂದು ಬೇಕು ಎಂದ. ಮಗಳು ಅಡುಗೆಮನೆಯಿಂದಲೇ ಇಲ್ಲ ಎಂದು ಕೂಗುವಷ್ಟರಲ್ಲಿ ತಾಯಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಎದ್ದಿದ್ದಳು. ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಭುಜ ಅಳೆದು, ಬೆನ್ನು ಅಳೆದು, ಕೈ ಚಾಚಲು ಹೇಳಿ ಹಿಂದೆ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಹುಡುಗ ಚಾಚಿದ ಕೈ ನೋಯುತ್ತಿದೆ ಎಂದ.

ಆಮೇಲೆ ಒಬ್ಬರ ಹಿಂದೆ ಒಬ್ಬರು. ಮನೆಯ ತುಂಬ ಬೂದುನೀಲಿ ಬಟ್ಟೆ. ಊಟಕ್ಕೆ ಮೇಜು ಖಾಲಿಯಾಗದೆ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವಂತಾಯಿತು. ಅಡುಗೆ ಮಗಳ ಪಾಲಿಗೆ, ಪಾತ್ರೆ ತಂದೆಯ ಪಾಲಿಗೆ ಬಂತು. ಗುಂಡಿ ವಿಂಗಡಿಸುವುದು ಅಜ್ಜಿಯ ಕೆಲಸ. ಅದಕ್ಕೆ ಕಣ್ಣು ಬೇಡ. ದುಡ್ಡೂ ಬಂತು. ಬಂದ ದುಡ್ಡಿನಲ್ಲಿ ತಾಯಿ ಒಂದು ಕುಕ್ಕರನ್ನೂ ಕೊಳ್ಳಲಿಲ್ಲ, ಮತ್ತೆ ಅದೇ ಬಟ್ಟೆಯ ಥಾನು ತಂದಳು.

ಮನೆಯವರಿಗೆ ಬೀದಿಯಲ್ಲಿ ನಡೆಯುವುದು ಕಷ್ಟವಾಯಿತು. ಹಾಲಿನಂಗಡಿಯ ಮುಂದೆ ಮಗನ ಬೆನ್ನು, ಬಸ್ಸಿನ ಫುಟ್‌ಬೋರ್ಡಿನಲ್ಲಿ ಅವನ ಬೆನ್ನು, ಸಂಜೆ ಸೇತುವೆಯ ಕಟ್ಟೆಯ ಮೇಲೆ ಸಾಲಾಗಿ ಕೂತ ನಾಲ್ಕು ಬೆನ್ನು. ದೆವ್ವಗಳನ್ನು ನಂಬದ ತಂದೆ ಒಂದು ದಿನ ಅಂಥ ಒಂದು ಬೆನ್ನಿನ ಹಿಂದೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿದ. ಹುಡುಗ ತಿರುಗಿ ನೋಡಿ, ಏನು ಅಂಕಲ್ ಎಂದ. ಲಿಫ್ಟು ಸರಿಯಿದೆ, ಅದರಲ್ಲೇ ಹೋಗಪ್ಪ ಎಂದು ಹೇಳಿ, ಏದುಸಿರು ಬಿಡುತ್ತ ಇಳಿದುಬಂದ. ಇದನ್ನು ಅವನು ಹೆಂಡತಿಗೆ ಹೇಳಲಿಲ್ಲ. ಪಾತ್ರೆ ತೊಳೆಯುವಾಗ ಮಗಳಿಗೆ ಮಾತ್ರ ಹೇಳಿದ, ಹೇಳುವಾಗ ನಲ್ಲಿ ಜೋರಾಗಿ ಬಿಟ್ಟಿದ್ದ.

ಅಜ್ಜಿಗೆ ಮಾತ್ರ ಸಂತೋಷ. ಅಳತೆಗೆ ಬಂದ ಹುಡುಗ ಹೊಸ ಜಾಕೆಟ್ಟು ತೊಟ್ಟು ಬೆಳಕಿಗೆ ಅಡ್ಡ ನಿಂತರೆ ಅವಳಿಗೆ ಕಾಣುತ್ತಿದ್ದುದು ಬೂದುನೀಲಿಯೂ ಹಳದಿಯೂ ಅಷ್ಟೇ. "ಬಂದ್ಯಾ, ಉಂಡ್ಯಾ?" ಎಂದು ಕೇಳುತ್ತಿದ್ದಳು. ತಾಯಿ ತಿದ್ದುತ್ತಿರಲಿಲ್ಲ, ಒಂದು ತಟ್ಟೆ ತಂದಿಡುತ್ತಿದ್ದಳು. ಗುರುತುಪರಿಚಯವಿಲ್ಲದ ಹುಡುಗರು ಆ ಮನೆಯಲ್ಲಿ ಕೂತು ಬಿಸಿ ಅನ್ನ ಉಂಡು, ಅಜ್ಜಿಯ ಕೈಯಿಂದ ಕೆನ್ನೆ ಸವರಿಸಿಕೊಂಡು ಹೋದರು. ಹೊಲಿಗೆಯವರ ಮನೆ ಎಂದರೆ ಇದಪ್ಪಾ ಎಂದು ಹೊರಗೆ ಹೇಳಿಕೊಂಡರಂತೆ.

ಜಗಳ ಆದದ್ದು ತರಕಾರಿ ಹೆಚ್ಚುವಾಗ. ಮಗಳು ಇದನ್ನೆಲ್ಲ ನಿಲ್ಲಿಸು ಎಂದಳು. ತಾನು ಯಾವುದರ ವಿರುದ್ಧ ಹಾಡಿದೆನೋ ಅದನ್ನೇ ಅಮ್ಮ ಮನೆಯೊಳಗೆ ಕಾರ್ಖಾನೆ ಮಾಡಿದ್ದಾಳೆ, ಕಾಲೇಜಿನಲ್ಲಿ ಮುಖ ಎತ್ತಲಾಗುತ್ತಿಲ್ಲ ಎಂದಳು. ಈ ಹುಡುಗರಿಗೆ ಅಣ್ಣ ಯಾರೆಂದು ಗೊತ್ತಿಲ್ಲ, ಗೊತ್ತಾಗುವುದೂ ಬೇಕಿಲ್ಲ, ಎಲ್ಲರೂ ಹಾಕ್ತಾರೆ ಅಂತ ಹಾಕ್ತಾರೆ, ಅವನನ್ನು ಕೊಂದದ್ದು ಇದೇ ಬುದ್ಧಿ ಎಂದಳು.

"ನೀನು ಹಾಡು ಮಾಡಿದೆ, ನಾನು ಜಾಕೆಟ್ಟು ಮಾಡ್ತಿದೀನಿ," ಎಂದಳು ತಾಯಿ. "ಇಬ್ಬರ ಗಿರಾಕೀನೂ ಒಬ್ರೇ."

ಮಗಳ ಚಾಕು ನಿಂತಿತು. ತಾಯಿ ಮುಂದುವರಿಸಿದಳು. ಮಾತು ನಿಧಾನವಾಗಿ, ಹೊಲಿಗೆ ಬಿಚ್ಚುವ ಹಾಗೆ ಬಂತು. ಆಗ ಈ ಪಟ್ಟಿ ನೋಡಿ ನಕ್ಕರು. ಈಗ ಇದೇ ಪಟ್ಟಿ ಬೇಕು ಅಂತ ಬಾಗಿಲಿಗೆ ಬರ್ತಾರೆ. ಊರಿನವರೆಲ್ಲ ಇದನ್ನೇ ಹಾಕಿಕೊಂಡರೆ ಅವನು ಹಾಕಿಕೊಂಡದ್ದು ತಪ್ಪಾಗುವುದಿಲ್ಲವಲ್ಲ.

ಮಗ ಸತ್ತದ್ದು ತನ್ನ ತಪ್ಪಿನಿಂದ ಎಂಬ ಮಾತನ್ನು ಊರನ್ನೇ ಸಾಕ್ಷಿಗೆ ಕರೆದು ಸುಳ್ಳು ಮಾಡಲು ಹೊರಟಿದ್ದಾಳೆ ಅಮ್ಮ ಎಂದು ಮಗಳಿಗೆ ಆಗ ಅರ್ಥವಾಯಿತು.

ಕೆಲವು ದಿನಗಳ ನಂತರ ದಪ್ಪನೆಯ ಹುಡುಗನೊಬ್ಬ ಜಾಕೆಟ್ಟು ವಾಪಸ್ಸು ತಂದ. ಜಿಪ್ಪು ಹೊಟ್ಟೆಯ ಹತ್ತಿರ ಬಂದು ನಿಲ್ಲುತ್ತದೆ, ಉಸಿರು ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ತಾಯಿ ಅವನನ್ನು ಮೇಲಿನಿಂದ ಕೆಳಗೆ ನೋಡಿ, ನೀನೇ ಸ್ವಲ್ಪ ಇಳಿಸ್ಕೋಪ್ಪ ಎಂದಳು. ಹುಡುಗ ನಕ್ಕ, ತಮಾಷೆ ಎಂದುಕೊಂಡ. ಅದೇ ಸಂಜೆ ಒಬ್ಬ ಕುಳ್ಳ ಬಂದು, ತೋಳು ಬೆರಳನ್ನೆಲ್ಲ ನುಂಗಿದೆ ಎಂದು ತೋರಿಸಿದ. ಬೆಳೀತೀಯ ಬಿಡು ಎಂದಳು ತಾಯಿ.

ಅವರು ಹೋದ ಮೇಲೆ ಮಗಳು ಸಿದ್ಧವಾಗಿದ್ದ ಜಾಕೆಟ್ಟುಗಳನ್ನು ಒಂದರ ಮೇಲೊಂದು ಹರಡಿದಳು. ಭುಜಕ್ಕೆ ಭುಜ, ತೋಳಿಗೆ ತೋಳು ಕೂತಿತು. ಎಲ್ಲೂ ಒಂದು ಬೆರಳಗಲ ಹೆಚ್ಚು ಕಡಿಮೆಯಿಲ್ಲ. ಅಷ್ಟೊಂದು ಜನರ ಅಳತೆ ತೆಗೆದವಳು ಎಲ್ಲವನ್ನೂ ಒಬ್ಬನಿಗೇ ಹೊಲಿದಿದ್ದಳು. ಮಗಳಿಗೆ ಭಯವಾಯಿತು. ಅಪ್ಪ ಬಂದಾಗ ಕರೆದು ತೋರಿಸಿದಳು. ಯಾವ ತಂತಿ ಸಡಿಲವಾಗಿದೆ ಎಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು, ಆದರೆ ಬಿಗಿ ಮಾಡುವುದು ಹೇಗೆಂದು ತಿಳಿಯಲಿಲ್ಲ.

"ನಾಳೆಯಿಂದ ಗಿರಾಕಿಗಳನ್ನ ಬಾಗಿಲಲ್ಲೇ ವಾಪಸ್ ಕಳಿಸು," ಎಂದ ಅವನು.

"ಬಿಸಿ ತುಪ್ಪ," ಎಂದಳು ಅಜ್ಜಿ ಗುಂಡಿಗಳ ನಡುವಿನಿಂದ. "ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಅವಳಷ್ಟಕ್ಕೆ ಅವಳನ್ನ ಬಿಡ್ರೋ."

ಹೀಗಾಗಿ ಮರುದಿನ ಮಧ್ಯಾಹ್ನ ಬಾಗಿಲು ಬಡಿದಾಗ ಮಗಳೇ ಹೋಗಿ ತೆಗೆದಳು. ಹೊರಗೆ ನಿಂತಿದ್ದವನನ್ನು ಕಂಡು ಅವಳ ಕೈ ಚಿಲಕದ ಮೇಲೇ ಉಳಿಯಿತು. ಅಣ್ಣನ ಗುಂಪಿನ ಲೀಡರು. ಎಲ್ಲರೂ ಅವನನ್ನು ಕರೆಯುತ್ತಿದ್ದುದೇ ಹಾಗೆ. ಅವನು ಏನು ಹಾಕುತ್ತಾನೋ ಉಳಿದವರು ಅದನ್ನು ಹಾಕಬೇಕು. 'ಕನ್ನಡಿ' ಎಂಬ ಹೆಸರಿಟ್ಟವನೂ ಅವನೇ. ಆ ಲೀಡರು ಈಗ ಸಣ್ಣಗಾಗಿದ್ದ, ತೆಳುವಾದ ಅಂಗಿಯೊಂದರಲ್ಲಿ ಇದ್ದ. ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ಅವಳು ಕೇಳಿದ್ದಳು.

ನಿನಗೂ ಒಂದು ಬೇಕಾಯ್ತಾ ಎಂದು ಅವಳು ಹಲ್ಲು ಕಚ್ಚಿ ಕೇಳಿದಳು. ಅವನು ತಲೆಯಾಡಿಸಿದ. ಜಾಕೆಟ್ಟಿಗೆ ಬಂದಿಲ್ಲ, ಆ ಹಾಡನ್ನು ತೆಗೆದುಹಾಕು ಎಂದು ಕೇಳಿಕೊಳ್ಳಲು ಬಂದಿದ್ದೇನೆ ಎಂದ. ಅಂಗಡಿಗೆ ಬರುವ ಪ್ರತಿ ಫೋನಿನಲ್ಲೂ ಅದೇ, ರಿಪೇರಿಯಾಗಿದೆಯೋ ಇಲ್ಲವೋ ನೋಡಲು ಗಿರಾಕಿಗಳು ಹಾಕುವುದೂ ಅದೇ, ತನಗೆ ತಡೆಯಲಾಗುತ್ತಿಲ್ಲ ಎಂದ. ತಾಯಿ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದುಬಂದಳು.

"ನಿಂಗೆ ಯಾರು ಹೇಳಿದ್ದು?" ಎಂದು ಅವನು ಮಗಳನ್ನು ಕೇಳಿದ. "ನಾವು ಹಾಗಂದಿದ್ವಿ ಅಂತ?"

"ಏನಂದಿದ್ರಿ?"

"ಎಸಿ ಅಂತ."

ಅವಳಿಗೆ ಯಾರೂ ಹೇಳಿರಲಿಲ್ಲ. ತಾಳಕ್ಕೆ ಕೂತಿತು, ಅರ್ಥಕ್ಕೂ ಒದಗಿತು ಎಂದು ಬರೆದಿದ್ದ ಸಾಲು ಅದು. ಅವನು ಅವಳ ಮುಖ ನೋಡಿದ, ಅವಳಿಗೆ ಗೊತ್ತಿಲ್ಲವೆಂದು ತಿಳಿದ. ಅಲ್ಲಿಗೇ ಹಿಂದಿರುಗಬಹುದಿತ್ತು. ಆದರೆ ವರ್ಷದಿಂದ ಹೊತ್ತ ಭಾರ, ಬಾಗಿಲವರೆಗೆ ಬಂದಾಗಿದೆ. ಹೊಸ್ತಿಲಾಚೆಯೇ ನಿಂತು ಹೇಳಿದ.

ಆ ದಿನ ಗಣಿಯ ದಂಡೆಯಲ್ಲಿ ಎಲ್ಲರೂ ಸೇರಿ ಅವಳ ಅಣ್ಣನನ್ನು ಕಾಡಿದ್ದರು. ಆ ನಕಲಿಯನ್ನು ನೀರಿಗೆ ಎಸಿ, ಇನ್ನು ಮೇಲೆ ಕನ್ನಡಿ ಅನ್ನಲ್ಲ, ನನ್ನ ಹಳೇ ಜಾಕೆಟ್ಟು ನಿನಗೇ ಕೊಡ್ತೀನಿ ಎಂದು ಇವನು ಹೇಳಿದ್ದ. ಎಸಿ, ಎಸಿ ಎಂದು ಉಳಿದವರು ಚಪ್ಪಾಳೆ ತಟ್ಟಿದ್ದರು. ಅವನು ಎಸೆಯಲಿಲ್ಲ.

"ಅಮ್ಮ ಹೊಲಿದದ್ದು, ಎಸೆಯಲ್ಲ ಅಂದ. ಹಾಗಾದ್ರೆ ನೀನೇ ಹಾರು ಅಂದ್ವಿ. ಎರಡರಲ್ಲಿ ಒಂದು. ತಮಾಷೆಗೆ. ಅವನಿಗೆ ಈಜು ಬರುತ್ತೆ ಅಂದ್ಕೊಂಡಿದ್ವಿ." ಲೀಡರು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಮಡಚಿಟ್ಟ. ಇದು ಒದ್ದೆ ಆಗದ ಹಾಗೆ ನೋಡ್ಕೊಳ್ರೋ ಅಂದ. ಆಮೇಲೆ ಹಾರಿದ."

ಚಿತ್ರ ಸರಿಯಾಗಿ ಬರಲಿಲ್ಲವೆಂದು ಆ ಜಾಕೆಟ್ಟನ್ನು ಮತ್ತೆ ಮತ್ತೆ ಕೆರೆಗೆ ಎಸೆಯಿಸಿದ್ದಳು ಮಗಳು, ಕೋಲಿನಿಂದ ಎಳೆದು ಹಿಂಡಿ ಮತ್ತೆ ಎಸೆಯಿಸಿದ್ದಳು. ಒಳಗಿನಿಂದ ಅಜ್ಜಿ ಯಾರು ಬಂದದ್ದು ಎಂದು ಕೇಳುತ್ತಿದ್ದಳು.

ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮಗ ಅವಳ ಕೈಕೆಲಸಕ್ಕೆ ನಾಚಿರಲಿಲ್ಲ. ಎಂಥ ತಾಯಿಗಾದರೂ ಅದರಿಂದ ಎದೆ ಹಗುರಾಗಬೇಕು ಎಂದು ಹುಡುಗ ಎಣಿಸಿದ್ದನೋ ಏನೋ, ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಎದುರಿಗಿದ್ದ ಇಬ್ಬರಿಗೂ ಅಲ್ಲದೆ ಬೇರೆ ಯಾರಿಗೋ ಹೇಳಿದಳು:

"ಎಸೆದು ಬರಬಾರ್ದಿತ್ತಾ, ಮಗನೇ. ಒಂದು ಬಟ್ಟೆ ತಾನೇ. ಇನ್ನೊಂದು ಹೊಲೀತಿದ್ದೆ."

ಹಾಡನ್ನು ಮಗಳು ಅಂದೇ ತೆಗೆದುಹಾಕಿದಳು. ತೆಗೆದರೆ ಏನಾಯಿತು, ಬಾಯಿಂದ ಜಾರಿದ ಮಾತನ್ನು ಮತ್ತೆ ನುಂಗಲಾಗುತ್ತದೆಯೇ? ಊರಿನ ಫೋನುಗಳಲ್ಲೆಲ್ಲ ಅದು ಉಳಿದಿತ್ತು. ತಂದೆ ಹುಡುಗನ ಮೇಲೆ ದೂರು ಕೊಡಬೇಕೆಂದು ಎದ್ದ, ಅಂಗಿ ಹಾಕಿಕೊಂಡ, ಬಾಗಿಲವರೆಗೆ ಹೋಗಿ ಕೂತ. ಮಗ ಕೆಲಸದ ಜಾಗಕ್ಕೆ ಬಂದು ಹೇಳಿಕೊಂಡ ದಿನ ತಾನೇನು ಅಂದಿದ್ದೆ ಎಂಬುದು ಅವನನ್ನು ಕಟ್ಟಿ ಹಾಕಿತು. ಅದನ್ನೇ ಹಾಕಿಕೊಂಡು ಓಡಾಡು ಎಂದು ಹೇಳಿದವನು ಅವನೇ ತಾನೇ. ಮಗ ಅಪ್ಪನ ಮಾತನ್ನೂ ಮೀರಿರಲಿಲ್ಲ.

ತಾಯಿ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಆದರೆ ಈಗ ಬಂದವರ ಅಳತೆಗೇ ಹೊಲಿದಳು. ದಪ್ಪನೆಯವನದನ್ನು ಬಿಚ್ಚಿ ಸಡಿಲ ಮಾಡಿದಳು, ಕುಳ್ಳನ ತೋಳು ಕತ್ತರಿಸಿದಳು. ಜಾಕೆಟ್ಟು ಕೊಡುವಾಗ ಮಾತ್ರ ಹುಡುಗನ ಮಣಿಕಟ್ಟು ಹಿಡಿದುಕೊಂಡು ಒಂದು ಮಾತು ಹೇಳುತ್ತಿದ್ದಳು.

"ಯಾರಾದ್ರೂ ಎಸಿ ಅಂದ್ರೆ ಎಸೆದುಬಿಡು. ಯೋಚನೆ ಮಾಡ್ಬೇಡ. ನಾನು ಇನ್ನೊಂದು ಹೊಲಿದು ಕೊಡ್ತೀನಿ."

ಹುಡುಗರು ಅದನ್ನು ಗ್ಯಾರಂಟಿ ಎಂದುಕೊಂಡರು. ಕೆಲವರು ನಕ್ಕು ಥ್ಯಾಂಕ್ಸ್ ಆಂಟಿ ಎಂದರು. ಒಬ್ಬ ಮಾತ್ರ, ಯಾಕೆ ಎಸೀಬೇಕು ಎಂದು ಕೇಳಿದ. ಅವನಿಗೆ ಅವಳು ಊಟ ಹಾಕಿ ಕಳಿಸಿದಳು.

ಹುಚ್ಚಿಗೂ ಒಂದು ಆಯುಷ್ಯವಿರುತ್ತದೆ. ಬೇರೊಂದು ಹಾಡು ಬಂತು, ಬೇರೊಂದು ಬಣ್ಣ ಬಂತು. ಬಿಳಿಯ ಬೂಟಿನ ಕಾಲ ಶುರುವಾಯಿತು. ಬೂದುನೀಲಿ ಬೆನ್ನುಗಳು ಒಂದೊಂದಾಗಿ ಬೀದಿಯಿಂದ ಕರಗಿದವು, ಹೊಲಿಗೆಯ ಮೇಜು ಮತ್ತೆ ಊಟಕ್ಕೆ ಸಿಕ್ಕಿತು. ಅಜ್ಜಿ ದಿನಾ ಬಾಗಿಲ ಕಡೆ ಮುಖ ಮಾಡಿ ಕೂತು, ಈಗೀಗ ಅವನು ಬರೋದೇ ಇಲ್ಲ ಎಂದು ಗೊಣಗಿದಳು.

ಗಿರಾಕಿಗಳು ನಿಂತ ಮೇಲೆ ತಾಯಿಗೆ ಬೇರೆ ಅಭ್ಯಾಸ ಶುರುವಾಯಿತು. ಶಾಲೆ ಕಾಲೇಜು ಬಿಡುವ ಹೊತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು ಬೀದಿಯಂಚಿನಲ್ಲಿ ನಿಲ್ಲುವಳು. ಗುಂಪಾಗಿ ಹೋಗುವವರನ್ನು ಬಿಟ್ಟು, ಹಿಂದೆ ಉಳಿದು ಒಬ್ಬನೇ ಬರುವವನನ್ನು ತಡೆಯುವಳು. ಅಂದು ಸಂಜೆ ಹಾಗೆ ಬಂದವನು ಹೊಸ ಬಿಳಿ ಬೂಟು ಹಾಕಿದ್ದ. ಕೆಸರು ತಾಕದಂತೆ ನೆಲ ನೋಡಿಕೊಂಡು ನಡೆಯುತ್ತಿದ್ದ. ಅವಳು ಅವನ ತೋಳು ಮುಟ್ಟಿ, "ಯಾರಾದ್ರೂ ಎಸಿ ಅಂದ್ರೆ ಎಸೆದುಬಿಡು ಮಗು. ಮನೇಲಿ ಯಾರೂ ಬೈಯಲ್ಲ" ಎಂದಳು.

ಹುಡುಗ ಹೆದರಿ ತೋಳು ಬಿಡಿಸಿಕೊಂಡು ಓಡಿದ, ಕೆಸರನ್ನೂ ನೋಡಲಿಲ್ಲ. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಮಗಳು ಚಪ್ಪಲಿ ಮೆಟ್ಟಿಕೊಂಡು ಬಂದು ಅಮ್ಮನ ಪಕ್ಕದಲ್ಲಿ ನಿಂತಳು. ಒಳಗೆ ಬಾ ಎನ್ನಬೇಕೆಂದೇ ಬಂದಿದ್ದಳು. ಬೀದಿಯ ತಿರುವಿನಲ್ಲಿ ಇನ್ನೊಬ್ಬ ಹುಡುಗ ಒಂಟಿಯಾಗಿ ಬರುತ್ತಿದ್ದ, ಅವನ ಮುಂದೆ ಹೋಗುತ್ತಿದ್ದ ಗುಂಪು ತಿರುಗಿ ತಿರುಗಿ ನೋಡಿ ನಗುತ್ತಿತ್ತು. ಅಮ್ಮ ಹೆಜ್ಜೆ ಮುಂದಿಡುವ ಮುಂಚೆ ಮಗಳೇ ಅವನ ಕಡೆ ನಡೆದಳು.